ತುಂಬಿದ ಡಿಸ್ಕಿನಲ್ಲಿ ಸ್ಥಳಶೋಧನೆ: ತಾಡಪತ್ರ ಪ್ರತಿಬಿಂಬಗಳ ಸಂರಕ್ಷಣೆಯ ದೃಷ್ಟಿಯಿಂದ ಒಂದು ವಿವೇಚನೆ

ತಾಡಪತ್ರಗಳ ಪ್ರತಿಬಿಂಬಗಳನ್ನು ತೆಗೆದು ಗಣಕಯಂತ್ರದಲ್ಲಿ ಸಂಗ್ರಹಿಸಿಡುವ ಪದ್ಧತಿ ಇಂದು ಹಸ್ತಪ್ರತಿ ಭಂಡಾರಗಳಲ್ಲಿ ರೂಢಿಗೆ ಬಂದಿದೆ. ಹುಳು ತಿಂದ, ಅಂಚು ಮುರಿದ, ಮಸಿ ಮಾಸಿದ ಗರಿಗಳನ್ನು ಮತ್ತೆ ಮತ್ತೆ ಮುಟ್ಟದೆ ಪಾಠಪರಿಶೋಧನೆ ನಡೆಸುವುದಕ್ಕೆ ಇದರಿಂದ ಆಗಿರುವ ಉಪಕಾರ ದೊಡ್ಡದು. ಆದರೆ ಕೆಲವು ಕಟ್ಟುಗಳ ಕೆಲಸ ಮುಗಿಯುವಷ್ಟರಲ್ಲಿಯೇ ಡಿಸ್ಕಿನಲ್ಲಿ ಸ್ಥಳವಿಲ್ಲವೆಂಬ ಸೂಚನೆ ತೆರೆಯ ಮೇಲೆ ಕಾಣಿಸಿಕೊಳ್ಳುವುದುಂಟು. ಆಗ ಕೆಲಸ ನಿಲ್ಲಬಾರದೆಂಬ ಆತುರದಲ್ಲಿ ಕಣ್ಣಿಗೆ ಬಿದ್ದ ಕಡತಗಳನ್ನು ಅಳಿಸಿಹಾಕುವುದು ಸಾಮಾನ್ಯ. ಇದರಿಂದ ಒದಗಬಹುದಾದ ಹಾನಿ ಅಲ್ಪವಲ್ಲ. ಪ್ರತಿಬಿಂಬ ತೆಗೆದ ಮೇಲೆ ಮೂಲದ ಗರಿ ಮುರಿದುಹೋಗಿದ್ದಲ್ಲಿ, ಆ ಪಾಠಕ್ಕೆ ಉಳಿದಿರುವ ಏಕೈಕ ಸಾಕ್ಷಿ ಆ ಪ್ರತಿಬಿಂಬವೇ ಆಗಿರುತ್ತದೆ. ಅಳಿಸುವ ಮೊದಲು ಅಳೆಯಬೇಕು. ಯಾವ ಕಡತಸಮೂಹ ಎಷ್ಟು ಸ್ಥಳವನ್ನು ಆಕ್ರಮಿಸಿದೆ, ಏಕೆ ಆಕ್ರಮಿಸಿದೆ ಎಂಬುದು ನಿಶ್ಚಯವಾಗುವವರೆಗೆ ಯಾವುದನ್ನೂ ತೆಗೆಯಬಾರದು. ಈ ಶೋಧನೆಯ ಕ್ರಮವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ.

೧. ಮಾನಗಳ ವಿಚಾರ

ಗಣಕಯಂತ್ರದಲ್ಲಿ ಸ್ಥಳವನ್ನು ಅಳೆಯುವ ಮೂಲಮಾನ ಬೈಟ್. ಯೂನಿಕೋಡಿನ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ೩ ಬೈಟ್ ಬೇಕು. 'ಕ್ಷೀ' ಎಂಬುದು ಓದುವಾಗ ಒಂದೇ ಅಕ್ಷರವಾದರೂ ಗಣಕದಲ್ಲಿ ಕಕಾರ, ಹಲಂತ ಚಿಹ್ನೆ, ಷಕಾರ, ದೀರ್ಘ ಈಕಾರದ ಚಿಹ್ನೆ ಎಂದು ೪ ಸಂಕೇತಗಳಾಗಿ ೧೨ ಬೈಟ್ ಸ್ಥಳವನ್ನು ಪಡೆಯುತ್ತದೆ.

ಬೈಟಿನ ಮೇಲಿನ ಮಾನಗಳಲ್ಲಿ ಎರಡು ಗಣನಾಪದ್ಧತಿಗಳು ಪ್ರಚಲಿತವಾಗಿವೆ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ಅವರ ಒಂದು ಟೆರಾಬೈಟ್ ಎಂದರೆ ೧ರ ಮುಂದೆ ೧೨ ಸೊನ್ನೆಗಳಷ್ಟು ಬೈಟ್. ವಿಂಡೋಸ್ ಕಾರ್ಯವ್ಯವಸ್ಥೆ ೧,೦೨೪ರ ಲೆಕ್ಕದಲ್ಲಿ ಎಣಿಸುತ್ತದೆ. ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಬಳಸಿರುವ 'ಅರ್ಧಚ್ಛೇದ'ದ ಪರಿಚಯವುಳ್ಳ ವಿದ್ವಾಂಸರಿಗೆ ಈ ಸಂಖ್ಯೆಯ ಮರ್ಮ ಸುಲಭವಾಗಿ ತಿಳಿಯುತ್ತದೆ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅದು ಆ ರಾಶಿಯ ಅರ್ಧಚ್ಛೇದ. ೧,೦೨೪ರ ಅರ್ಧಚ್ಛೇದ ೧೦. ಹೀಗೆ ಎರಡರ ಘಾತಗಳಿಂದ ಎಣಿಸಿದಾಗ ಗಿಗಾಬೈಟಿನ ಅರ್ಧಚ್ಛೇದ ೩೦ ಆಗುತ್ತದೆ. ಈ ಭೇದದ ಕಾರಣದಿಂದಲೇ ಒಂದು ಟೆರಾಬೈಟೆಂದು ಕೊಂಡುತಂದ ಡಿಸ್ಕಿನಲ್ಲಿ ವಿಂಡೋಸ್ ೯೩೧ ಗಿಗಾಬೈಟನ್ನು ಮಾತ್ರ ತೋರಿಸುತ್ತದೆ. ಉಳಿದದ್ದು ಕಳೆದುಹೋಗಿಲ್ಲ, ಅಳತೆಗೋಲು ಬೇರೆಯಾಗಿದೆ, ಅಷ್ಟೆ. ಎರಡು ಅಂಕಿಗಳನ್ನು ಹೋಲಿಸುವ ಮೊದಲು ಅವು ಒಂದೇ ಗಣನೆಯವೇ ಎಂಬುದನ್ನು ನೋಡಿಕೊಳ್ಳಬೇಕು.

೨. ಗ್ರಂಥಪ್ರಮಾಣ ಮತ್ತು ಪತ್ರಸಂಖ್ಯೆ

ಯಾವುದೇ ಕಡತದ ಗುಣಲಕ್ಷಣಗಳನ್ನು, ಎಂದರೆ 'ಪ್ರಾಪರ್ಟೀಸ್' ಎಂಬುದನ್ನು, ತೆರೆದರೆ ಎರಡು ಅಂಕಿಗಳು ಕಾಣುತ್ತವೆ. ಒಂದು ಕಡತದ ಗಾತ್ರ. ಇನ್ನೊಂದು ಡಿಸ್ಕಿನಲ್ಲಿ ಅದು ಹಿಡಿದಿರುವ ಸ್ಥಳ. ಇವು ಸಾಮಾನ್ಯವಾಗಿ ಸಮನಾಗಿರುವುದಿಲ್ಲ. ಹಸ್ತಪ್ರತಿ ಸೂಚಿಗಳಲ್ಲಿ ಕೃತಿಯ ಪ್ರಮಾಣವನ್ನು ೩೨ ಅಕ್ಷರಗಳ ಗ್ರಂಥಮಾನದಿಂದ ಹೇಳುವುದುಂಟು. ಪತ್ರಸಂಖ್ಯೆಯನ್ನು ಬೇರೆಯಾಗಿ ಕೊಡುವುದುಂಟು. ಲಿಪಿಕಾರನು ಪ್ರತಿ ಕೃತಿಯನ್ನೂ ಹೊಸ ಗರಿಯಲ್ಲಿಯೇ ಆರಂಭಿಸಿದನೆಂದು ಭಾವಿಸಿದರೆ, ಹತ್ತು ಶ್ಲೋಕಗಳ ಸ್ತೋತ್ರಕ್ಕೂ ಒಂದು ಪೂರ್ತಿ ಗರಿ ವಿನಿಯೋಗವಾಗುತ್ತದೆ. ಉಳಿದ ಭಾಗ ಖಾಲಿಯಾಗಿಯೇ ಇರುತ್ತದೆ. ಡಿಸ್ಕಿನ ವ್ಯವಸ್ಥೆಯೂ ಇಂಥದೇ. ಅದು ಸಮಾನ ಗಾತ್ರದ ಖಂಡಗಳಾಗಿ ವಿಭಾಗವಾಗಿದ್ದು, ಸಾಮಾನ್ಯವಾಗಿ ಒಂದೊಂದು ಖಂಡ ೪,೦೯೬ ಬೈಟಿನದಾಗಿರುತ್ತದೆ. ೫,೦೦೦ ಬೈಟಿನ ಕಡತವೊಂದು ಎರಡು ಖಂಡಗಳನ್ನು, ಎಂದರೆ ೮,೧೯೨ ಬೈಟನ್ನು, ಹಿಡಿಯುತ್ತದೆ. ಸಣ್ಣ ಕಡತಗಳು ಲಕ್ಷಗಟ್ಟಲೆ ಇದ್ದಲ್ಲಿ ಈ ವ್ಯರ್ಥಸ್ಥಳ ಗಣನೀಯವಾಗುತ್ತದೆ.

ಇದಕ್ಕೆ ವಿಪರ್ಯಾಯವೂ ಉಂಟು. ಡಿಸ್ಕಿನಲ್ಲಿಯೇ ಸಂಕೋಚಗೊಳಿಸಿ ಇಟ್ಟ ಕಡತಗಳು ತಮ್ಮ ಗಾತ್ರಕ್ಕಿಂತ ಕಡಿಮೆ ಸ್ಥಳವನ್ನು ಹಿಡಿಯುತ್ತವೆ. ಆದುದರಿಂದ ಸ್ಥಳಶೋಧನೆಯಲ್ಲಿ ಪ್ರಮಾಣವೆಂದು ಗ್ರಹಿಸಬೇಕಾದುದು ಎರಡನೆಯ ಅಂಕಿಯನ್ನು.

೩. ನಿರೀಕ್ಷಿತ ಪರಿಮಾಣ

ಡಿಸ್ಕಿನಲ್ಲಿ ಇರುವುದನ್ನು ಅಳೆಯುವ ಮೊದಲು ಇರಬೇಕಾದುದೆಷ್ಟೆಂಬುದನ್ನು ಲೆಕ್ಕಹಾಕಿಕೊಳ್ಳುವುದು ಪ್ರಯೋಜನಕರ. ೫೦ ಸೆಂಟಿಮೀಟರ್ ಉದ್ದ, ೫ ಸೆಂಟಿಮೀಟರ್ ಅಗಲದ ಗರಿಯೊಂದನ್ನು ಅಂಗುಲಕ್ಕೆ ೬೦೦ ಬಿಂದುಗಳಂತೆ ಪ್ರತಿಬಿಂಬಿಸಿದರೆ ಉದ್ದದಲ್ಲಿ ೧೧,೮೧೧, ಅಗಲದಲ್ಲಿ ೧,೧೮೧ ಬಿಂದುಗಳಾಗುತ್ತವೆ. ಪ್ರತಿ ಬಿಂದುವಿಗೆ ಕೆಂಪು, ಹಸುರು, ನೀಲಿ ಎಂಬ ಮೂರು ವರ್ಣಗಳಿಗಾಗಿ ೩ ಬೈಟ್. ಒಟ್ಟು ೪,೧೮,೪೬,೩೭೩ ಬೈಟ್. ಇದು ಗರಿಯ ಒಂದು ಮಗ್ಗುಲಿನ ಲೆಕ್ಕ. ಎರಡೂ ಮಗ್ಗುಲು ಸೇರಿ ಸುಮಾರು ೮ ಕೋಟಿ ೩೭ ಲಕ್ಷ ಬೈಟ್. ೨೦೦ ಗರಿಗಳ ಕಟ್ಟಿಗೆ ಸುಮಾರು ೧,೬೭೪ ಕೋಟಿ ಬೈಟ್. ವಿಂಡೋಸಿನ ಗಣನೆಯಲ್ಲಿ ೧೫.೬ ಗಿಗಾಬೈಟ್. ಪ್ರತಿ ವರ್ಣಕ್ಕೆ ೮ ಬಿಟ್‌ಗಳಿಗೆ ಬದಲಾಗಿ ೧೬ ಬಿಟ್‌ಗಳನ್ನು ಉಪಯೋಗಿಸಿದರೆ ಇದು ಇಮ್ಮಡಿಯಾಗುತ್ತದೆ. ಸಂಕೋಚವಿಲ್ಲದ ಟಿಫ್ ರೂಪದ ಕಡತಗಳಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿಹೊಂದುತ್ತದೆ.

ಇದರೊಡನೆ ಲಿಪ್ಯಂತರದ ಪರಿಮಾಣವನ್ನು ಹೋಲಿಸಬಹುದು. ಪರಂಪರೆಯ ಗಣನೆಯಂತೆ ಧವಲಾ ಟೀಕೆಯ ಪ್ರಮಾಣ ೭೨,೦೦೦ ಗ್ರಂಥ. ೩೨ ಅಕ್ಷರಗಳ ಒಂದು ಗ್ರಂಥಕ್ಕೆ ಸರಾಸರಿ ೩೦೦ ಬೈಟ್ ಎಂದಿಟ್ಟುಕೊಂಡರೂ ಇಡೀ ಟೀಕೆಯನ್ನು ಕನ್ನಡ ಲಿಪಿಯಲ್ಲಿ ಅಕ್ಷರರೂಪವಾಗಿ ಸೇರಿಸಲು ೨ ಕೋಟಿ ೧೬ ಲಕ್ಷ ಬೈಟ್ ಸಾಕು. ಎಂದರೆ ಅಂಥ ಮಹಾಟೀಕೆಯ ಸಮಗ್ರ ಪಾಠ ಹಿಡಿಯುವ ಸ್ಥಳ, ಒಂದೇ ಒಂದು ಗರಿಯ ಒಂದು ಮಗ್ಗುಲಿನ ಪ್ರತಿಬಿಂಬ ಹಿಡಿಯುವ ಸ್ಥಳದ ಸುಮಾರು ಅರ್ಧದಷ್ಟು. ಸ್ಥಳ ಸಾಲದೆಂದು ಹಳೆಯ ಲಿಪ್ಯಂತರಗಳನ್ನೂ ಟಿಪ್ಪಣಿಗಳನ್ನೂ ಅಳಿಸುವುದು ಎಷ್ಟು ನಿಷ್ಫಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ವರ್ಷಗಳ ಪರಿಶ್ರಮ ಹಾಳಾಗುವುದಲ್ಲದೆ ಡಿಸ್ಕಿನಲ್ಲಿ ಒಂದು ಗರಿಯಷ್ಟು ಸ್ಥಳವೂ ದೊರೆಯುವುದಿಲ್ಲ.

೪. ಶೋಧನಕ್ರಮ

ಡಿಸ್ಕಿನ ರಚನೆ ವೃಕ್ಷಾಕಾರವಾದುದು. ಮೂಲದಿಂದ ಫೋಲ್ಡರುಗಳು ಕವಲೊಡೆಯುತ್ತವೆ, ಅವುಗಳಿಂದ ಉಪಫೋಲ್ಡರುಗಳು, ಕೊನೆಯಲ್ಲಿ ಕಡತಗಳು. ಒಂದು ಫೋಲ್ಡರಿನ ಪರಿಮಾಣವನ್ನು ತಿಳಿಯಬೇಕಾದರೆ ಅದರ ಅಡಿಯಲ್ಲಿರುವ ಎಲ್ಲ ಕಡತಗಳನ್ನೂ ತುದಿಯಿಂದ ಮೊದಲ್ಗೊಂಡು ಕೂಡುತ್ತ ಬರಬೇಕು. ಗಣಕವು ಈ ಸಂಕಲನವನ್ನು ಮಾಡಿಕೊಡುತ್ತದೆ. ಶೋಧಕನು ಅನುಸರಿಸಬೇಕಾದ ನಿಯಮ ಒಂದೇ: ಮೂಲದಿಂದ ಹೊರಟು ಪ್ರತಿ ಹಂತದಲ್ಲಿಯೂ ಅತ್ಯಂತ ದೊಡ್ಡ ಕವಲಿನೊಳಗೆ ಇಳಿಯುವುದು. ಬಹುಪಾಲು ಸ್ಥಳವನ್ನು ಕೆಲವೇ ಕವಲುಗಳು ಆಕ್ರಮಿಸಿರುವುದರಿಂದ ನಾಲ್ಕಾರು ಹೆಜ್ಜೆಗಳಲ್ಲಿ ಕಾರಣ ಗೋಚರವಾಗುತ್ತದೆ.

ಯುನಿಕ್ಸ್ ಕಾರ್ಯವ್ಯವಸ್ಥೆಯಲ್ಲಿ ಇದಕ್ಕಾಗಿ ಇರುವ 'ಡಿಯು', 'ಡಿಎಫ್' ಎಂಬ ಎರಡು ಆಜ್ಞೆಗಳು ೧೯೭೧ರ ಮೊದಲ ಆವೃತ್ತಿಯಲ್ಲಿಯೇ ಇದ್ದವು. ಇಂದಿನ ಲಿನಕ್ಸಿನಲ್ಲಿಯೂ ಅವು ಬಳಕೆಯಲ್ಲಿವೆ. ಡಿಎಫ್ ಎಂಬುದು ಡಿಸ್ಕಿನಲ್ಲಿ ಒಟ್ಟು ಎಷ್ಟು ತುಂಬಿದೆ, ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಡಿಯು ಎಂಬುದು ಪ್ರತಿಯೊಂದು ಫೋಲ್ಡರಿನ ಸ್ಥಳಾಕ್ರಮಣವನ್ನು ಕೂಡಿಸಿ ಕೊಡುತ್ತದೆ. ವಿಂಡೋಸಿನಲ್ಲಿ 'ಸೆಟ್ಟಿಂಗ್ಸ್' ಎಂಬಲ್ಲಿ 'ಸಿಸ್ಟಮ್', ಅದರೊಳಗೆ 'ಸ್ಟೋರೇಜ್' ಎಂಬುದನ್ನು ತೆರೆದರೆ ತಂತ್ರಾಂಶಗಳು, ತಾತ್ಕಾಲಿಕ ಕಡತಗಳು, ಚಿತ್ರಗಳು ಎಂಬಂತೆ ವರ್ಗೀಕರಿಸಿದ ಲೆಕ್ಕ ಸಿಗುತ್ತದೆ. ಇದು ಸ್ಥೂಲಜ್ಞಾನಕ್ಕೆ ಸಾಕಾದರೂ ಫೋಲ್ಡರುಗಳ ಅನುಕ್ರಮ ಇದರಲ್ಲಿ ತಿಳಿಯದು. ಅದಕ್ಕಾಗಿ ಟ್ರೀಸೈಜ್, ವಿನ್‌ಡರ್‌ಸ್ಟ್ಯಾಟ್ ಮೊದಲಾದ ತಂತ್ರಾಂಶಗಳನ್ನು ಉಪಯೋಗಿಸಬೇಕು. ಯಾವ ಸಾಧನವನ್ನು ಬಳಸಿದರೂ ವ್ಯವಸ್ಥಾಪಕನ ಅಧಿಕಾರದಿಂದ ನಡೆಸುವುದು ಅವಶ್ಯ. ಇಲ್ಲವಾದರೆ ಪ್ರವೇಶವಿಲ್ಲದ ಫೋಲ್ಡರುಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.

ಉದಾಹರಣೆಗಾಗಿ ೯೩೧ ಗಿಗಾಬೈಟಿನ ಡಿಸ್ಕೊಂದರಲ್ಲಿ ೯೦೦ ತುಂಬಿದೆಯೆಂದು ಕಲ್ಪಿಸಿಕೊಳ್ಳಬಹುದು. ಮೂಲದ ಹಂತದಲ್ಲಿ ಪ್ರತಿಬಿಂಬಗಳ ಫೋಲ್ಡರು ೬೦೮, ಬಳಕೆದಾರರ ಫೋಲ್ಡರು ೧೫೦, ಕಾರ್ಯವ್ಯವಸ್ಥೆ ೩೫, ತಂತ್ರಾಂಶಗಳು ೨೦ ಗಿಗಾಬೈಟ್ ಎಂದು ತೋರುತ್ತದೆ. ಭಂಡಾರದ ದಾಖಲೆಯಂತೆ ೨೦೦ ಗರಿಗಳ ೨೫ ಕಟ್ಟುಗಳ ಕೆಲಸ ಮುಗಿದಿದೆ. ಕಟ್ಟಿಗೆ ೧೫.೬ರಂತೆ ೩೯೦ ಗಿಗಾಬೈಟ್ ಇರಬೇಕು. ೨೧೮ ಹೆಚ್ಚಾಗಿದೆ. ಇದು ಸರಿಯಾಗಿ ೧೪ ಕಟ್ಟುಗಳ ಪರಿಮಾಣ. ಆ ಫೋಲ್ಡರಿನೊಳಕ್ಕೆ ಇಳಿದು ನೋಡಿದರೆ, ಯಾರೋ ಕೆಲಸದ ಅನುಕೂಲಕ್ಕಾಗಿ ೧೪ ಕಟ್ಟುಗಳನ್ನು ಇನ್ನೊಂದು ಹೆಸರಿನಲ್ಲಿ ನಕಲು ಮಾಡಿಟ್ಟಿರುವುದು ಕಾಣಬಹುದು. ನಿರೀಕ್ಷಿತ ಪರಿಮಾಣದ ಲೆಕ್ಕ ಕೈಯಲ್ಲಿದ್ದುದರಿಂದಲೇ ಈ ಅಧಿಕಾಂಶ ಕಣ್ಣಿಗೆ ಬಿತ್ತು. ಈ ಉದಾಹರಣೆಯಲ್ಲಿಯೇ ಇನ್ನೊಂದು ಅಂಶವಿದೆ. ಮೇಲಿನ ನಾಲ್ಕು ಅಂಕಿಗಳ ಮೊತ್ತ ೮೧೩. ಡಿಸ್ಕು ಹೇಳುವುದು ೯೦೦. ನಡುವಿನ ೮೭ ಗಿಗಾಬೈಟಿನ ವಿಚಾರವನ್ನು ಮುಂದೆ ಆರನೆಯ ವಿಭಾಗದಲ್ಲಿ ನೋಡಲಾಗುವುದು.

೫. ಕ್ಷೇತ್ರಫಲದ ನಕ್ಷೆ

ಅಂಕಿಗಳ ಪಟ್ಟಿಯನ್ನು ಓದುವುದು ಪ್ರಯಾಸಕರವಾದಲ್ಲಿ ಸ್ಥಳಾಕ್ರಮಣವನ್ನು ಚಿತ್ರರೂಪದಲ್ಲಿ ಕಾಣುವ ವಿಧಾನವೂ ಇದೆ. ಇದರ ಉಗಮವೇ ತುಂಬಿದ ಡಿಸ್ಕಿನ ಸಮಸ್ಯೆಯಿಂದ ಆದುದು. ೧೯೯೦ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರಲ್ಲಿ ೮೦ ಮೆಗಾಬೈಟಿನ ಒಂದು ಡಿಸ್ಕನ್ನು ೧೪ ಮಂದಿ ಹಂಚಿಕೊಂಡು ಬಳಸುತ್ತಿದ್ದರು. ಅದು ತುಂಬಿಹೋದಾಗ ಸ್ಥಳ ಎಲ್ಲಿ ವಿನಿಯೋಗವಾಗಿದೆಯೆಂದು ತಿಳಿಯುವುದು ಕಷ್ಟವಾಯಿತು. ಪ್ರಾಧ್ಯಾಪಕ ಬೆನ್ ಶ್ನೈಡರ್‌ಮನ್ ಈ ಸಂದರ್ಭದಲ್ಲಿ 'ಟ್ರೀಮ್ಯಾಪ್' ಎಂಬ ವಿಧಾನವನ್ನು ರೂಪಿಸಿದರು. ಮೇಲೆ ಲೆಕ್ಕಹಾಕಿದ ಗರಿಯ ಎರಡು ಮಗ್ಗುಲುಗಳು ಅಂದಿನ ಆ ಇಡೀ ಡಿಸ್ಕನ್ನು ಹೆಚ್ಚುಕಡಿಮೆ ತುಂಬಿಬಿಡುತ್ತಿದ್ದವೆಂಬುದನ್ನು ನೆನೆದರೆ ಕಾಲಾಂತರದ ವ್ಯತ್ಯಾಸ ತಿಳಿಯುತ್ತದೆ.

ಈ ವಿಧಾನದಲ್ಲಿ ಇಡೀ ಡಿಸ್ಕನ್ನು ಒಂದು ಆಯತವೆಂದು ಭಾವಿಸಲಾಗುತ್ತದೆ. ಅದನ್ನು ಮೊದಲ ಹಂತದ ಫೋಲ್ಡರುಗಳಿಗೆ ಅವುಗಳ ಪರಿಮಾಣದ ಅನುಪಾತದಲ್ಲಿ ಉದ್ದಕ್ಕೆ ಸೀಳಲಾಗುತ್ತದೆ; ಒಂದೊಂದು ಸೀಳನ್ನೂ ಮುಂದಿನ ಹಂತಕ್ಕಾಗಿ ಅಡ್ಡಲಾಗಿ; ಹೀಗೆ ಕಡತಗಳವರೆಗೆ. ಕಡತ ದೊಡ್ಡದಾದಷ್ಟೂ ಅದರ ಕ್ಷೇತ್ರಫಲ ದೊಡ್ಡದಾಗಿ ಕಾಣುತ್ತದೆ. ಹೀಗೆ ಸೀಳುವುದರಿಂದ ಭಾಗಗಳು ಓಲೆಗರಿಯಂತೆ ನೀಳವಾಗಿ, ಸಪೂರವಾಗಿ ಹೋಲಿಕೆಗೆ ಒದಗದಾಗುತ್ತಿದ್ದವು. ನೆದರ್ಲೆಂಡ್ಸಿನ ಐಂಡ್‌ಹೋವನ್ನಿನ ಬ್ರಲ್ಸ್, ಹೌಜಿಂಗ್, ವಾನ್ ವೈಕ್ ಎಂಬ ಮೂವರು ೨೦೦೦ದಲ್ಲಿ ಪ್ರಕಟಿಸಿದ ಕ್ರಮದಲ್ಲಿ ಭಾಗಗಳು ಆದಷ್ಟೂ ಚೌಕಕ್ಕೆ ಸಮೀಪವಾಗಿ ಬರುವಂತೆ ಈ ದೋಷವನ್ನು ಪರಿಹರಿಸಲಾಯಿತು. ಇಂದು ವಿಂಡೋಸಿನಲ್ಲಿ ದೊರೆಯುವ ವಿನ್‌ಡರ್‌ಸ್ಟ್ಯಾಟ್, ಲಿನಕ್ಸಿನಲ್ಲಿ ದೊರೆಯುವ ಕೆಡರ್‌ಸ್ಟ್ಯಾಟ್ ಈ ಪರಂಪರೆಗೆ ಸೇರಿದವು. ಕಡತದ ಪ್ರಕಾರಕ್ಕೆ ತಕ್ಕಂತೆ ಬಣ್ಣವೂ ಬೇರೆಯಾಗುವುದರಿಂದ, ಪ್ರತಿಬಿಂಬಗಳ ನಡುವೆ ಯಾವುದೋ ಚಲಚ್ಚಿತ್ರ ಕಡತ ಸೇರಿಕೊಂಡಿದ್ದರೆ ಒಂದೇ ನೋಟಕ್ಕೆ ತಿಳಿದುಬರುತ್ತದೆ.

೬. ಕಣ್ಣಿಗೆ ಬೀಳದ ಸ್ಥಳಗಳು

ಫೋಲ್ಡರುಗಳ ಮೊತ್ತಕ್ಕೂ ಡಿಸ್ಕು ಹೇಳುವ ಮೊತ್ತಕ್ಕೂ ಅಂತರವಿದ್ದಲ್ಲಿ ಗಣಕ ತಪ್ಪಿದೆಯೆಂದು ಭಾವಿಸಬಾರದು. ವಿಂಡೋಸಿನಲ್ಲಿ ಇದಕ್ಕೆ ನಾಲ್ಕು ಕಾರಣಗಳು ಮುಖ್ಯವಾದವು. ಮೊದಲನೆಯದು ಕಸದ ಬುಟ್ಟಿ, ಎಂದರೆ 'ರೀಸೈಕಲ್ ಬಿನ್'. ಅಳಿಸಿದ ಕಡತಗಳು ಅದರಲ್ಲಿ ಇರುವವರೆಗೆ ಸ್ಥಳ ತೆರವಾಗುವುದಿಲ್ಲ. ಎರಡನೆಯದು 'ಪೇಜ್‌ಫೈಲ್', ಸ್ಮೃತಿ ಸಾಲದಾದಾಗ ಕಾರ್ಯವ್ಯವಸ್ಥೆ ಡಿಸ್ಕಿನಲ್ಲಿಯೇ ಬಳಸಿಕೊಳ್ಳುವ ಮೀಸಲು ಕಡತವಿದು. ಮೂರನೆಯದು 'ಹೈಬರ್‌ಫಿಲ್', ಗಣಕವನ್ನು ಸುಪ್ತಾವಸ್ಥೆಗೆ ಒಯ್ಯುವಾಗ ಸ್ಮೃತಿಯಲ್ಲಿರುವುದನ್ನು ಇದರಲ್ಲಿ ಬರೆದಿಡಲಾಗುತ್ತದೆ. ನಾಲ್ಕನೆಯದು ಪುನಃಸ್ಥಾಪನೆಗಾಗಿ ಕಾಲಕಾಲಕ್ಕೆ ಉಳಿಸಿಕೊಂಡ ಛಾಯಾಪ್ರತಿಗಳು. ಇವು 'ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್' ಎಂಬ ಗುಪ್ತ ಫೋಲ್ಡರಿನಲ್ಲಿರುತ್ತವೆ. ಇವುಗಳ ಮಿತಿಯನ್ನು ಕಾರ್ಯವ್ಯವಸ್ಥೆಯ ಮೂಲಕವೇ ತಗ್ಗಿಸಬೇಕೇ ಹೊರತು ಕಡತಗಳನ್ನು ಕೈಯಿಂದ ಕೀಳಬಾರದು.

ಇದಕ್ಕೆ ವಿರುದ್ಧವಾದ ಭ್ರಾಂತಿಯೂ ಉಂಟು. 'ವಿನ್‌ಎಸ್‌ಎಕ್ಸ್‌ಎಸ್' ಎಂಬ ಫೋಲ್ಡರು ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಅದರಲ್ಲಿರುವ ಅನೇಕ ಕಡತಗಳು ಬೇರೆ ಫೋಲ್ಡರಿನಲ್ಲಿಯೂ ಕಾಣಿಸುವ ಅದೇ ಕಡತಗಳು. ವಸ್ತು ಒಂದು, ನಾಮ ಎರಡು. ಒಂದೇ ಕೃತಿಯನ್ನು ಸೂಚಿಯಲ್ಲಿ ಎರಡು ಹೆಸರುಗಳಡಿಯಲ್ಲಿ ನಮೂದಿಸಿದಂತೆ ಇದು. ಅದನ್ನು ಅಳಿಸಿದರೆ ಕಾರ್ಯವ್ಯವಸ್ಥೆಯೇ ಕೆಡುವ ಸಂಭವವಿದೆ.

ಲಿನಕ್ಸಿನಲ್ಲಿ ಡಿಯು ಮತ್ತು ಡಿಎಫ್ ಕೊಡುವ ಮೊತ್ತಗಳು ಭಿನ್ನವಾಗಿರುವುದಕ್ಕೆ ಒಂದು ವಿಶೇಷ ಕಾರಣವಿದೆ. ಯಾವುದೋ ತಂತ್ರಾಂಶ ತೆರೆದಿಟ್ಟುಕೊಂಡಿರುವ ಕಡತವನ್ನು ಅಳಿಸಿದರೆ ಅದರ ಹೆಸರು ಮಾತ್ರ ಹೋಗುತ್ತದೆ. ಆ ತಂತ್ರಾಂಶ ಅದನ್ನು ಬಿಡುವವರೆಗೆ ಸ್ಥಳ ಬಿಡುಗಡೆಯಾಗುವುದಿಲ್ಲ. ಹೆಸರಿಲ್ಲದ್ದನ್ನು ಡಿಯು ಕಾಣದು, ಡಿಎಫ್ ಕಾಣುತ್ತದೆ. ಇಂಥ ಕಡತಗಳನ್ನು 'ಎಲ್‌ಎಸ್‌ಓಎಫ್' ಎಂಬ ಆಜ್ಞೆಯಿಂದ ಗುರುತಿಸಬಹುದು. ಅಲ್ಲದೆ ಇಎಕ್ಸ್‌ಟಿ-೪ ಎಂಬ ಡಿಸ್ಕ್‌ವ್ಯವಸ್ಥೆಯಲ್ಲಿ ಶೇಕಡ ೫ರಷ್ಟು ಸ್ಥಳವನ್ನು ವ್ಯವಸ್ಥಾಪಕನಿಗಾಗಿ ಮೊದಲೇ ಮೀಸಲಿಡುವುದು ವಾಡಿಕೆ.

೭. ಪ್ರತಿಗಳ ವಿವೇಚನೆ

ಶೋಧನೆಯ ಕೊನೆಗೆ ಎದುರಾಗುವ ಪ್ರಶ್ನೆ ಹಸ್ತಪ್ರತಿ ವಿದ್ವಾಂಸರಿಗೆ ಚಿರಪರಿಚಿತವಾದುದು: ಎರಡು ಪ್ರತಿಗಳಿದ್ದಲ್ಲಿ ಅವು ನಿಜವಾಗಿ ಒಂದೇ ಹೌದೆ? ಹೆಸರನ್ನು ನಂಬುವಂತಿಲ್ಲ. ಒಂದೇ ಹೆಸರಿನ ಎರಡು ಕಡತಗಳಲ್ಲಿ ಒಂದು ಮೂಲಪ್ರತಿಬಿಂಬವೂ ಇನ್ನೊಂದು ಕುಗ್ಗಿಸಿದ ಪ್ರತಿಯೂ ಆಗಿರಬಹುದು. ಬೇರೆ ಹೆಸರಿನ ಎರಡು ಕಡತಗಳು ಅಕ್ಷರಶಃ ಒಂದೇ ಆಗಿರಬಹುದು. ಗಾತ್ರದ ಸಮಾನತೆಯೂ ಪ್ರಮಾಣವಲ್ಲ. ಏಕೆಂದರೆ ಒಂದೇ ಅಳತೆಯ ಎರಡು ಗರಿಗಳ ಸಂಕೋಚವಿಲ್ಲದ ಪ್ರತಿಬಿಂಬಗಳು ಸಮಾನ ಗಾತ್ರದವಾಗುವುದು ಸಹಜ.

ಇಲ್ಲಿ ನಿರ್ಣಾಯಕವಾದುದು 'ಶಾ-೨೫೬' ಮೊದಲಾದ ಕ್ರಮಗಳಿಂದ ದೊರೆಯುವ ಮುದ್ರಾಸಂಖ್ಯೆ. ಕಡತದ ಎಲ್ಲ ಬೈಟ್‌ಗಳನ್ನೂ ಗಣಿತಕ್ಕೆ ಒಳಪಡಿಸಿ ೬೪ ಚಿಹ್ನೆಗಳ ಒಂದು ಸಂಖ್ಯೆಯನ್ನು ಪಡೆಯಲಾಗುತ್ತದೆ. ಒಂದು ಬಿಂದು ವ್ಯತ್ಯಾಸವಾದರೂ ಸಂಖ್ಯೆ ಸಂಪೂರ್ಣ ಬೇರೆಯಾಗುತ್ತದೆ. ಎರಡು ಕಡತಗಳ ಮುದ್ರಾಸಂಖ್ಯೆ ಒಂದೇ ಆಗಿದ್ದರೆ ಅವು ಅಭಿನ್ನವೆಂದು ನಿಶ್ಚಯಿಸಬಹುದು. ಆದರೆ ಇದರ ವಿಲೋಮ ಸಿದ್ಧವಾಗುವುದಿಲ್ಲ. ಚಿತ್ರ ಒಂದೇ ಆಗಿದ್ದು, ಕಡತದೊಳಗೆ ಸೇರಿಸಿದ ದಿನಾಂಕ ಮೊದಲಾದ ವಿವರ ಬೇರೆಯಾಗಿದ್ದರೂ ಸಂಖ್ಯೆ ಭಿನ್ನವಾಗುತ್ತದೆ. ಪಾಠ ಒಂದೇ ಆಗಿ ಪುಷ್ಪಿಕೆ ಮಾತ್ರ ಭಿನ್ನವಾಗಿರುವ ಪ್ರತಿಗಳಂತೆ. ಅಂಥಲ್ಲಿ ಕಣ್ಣಿನಿಂದಲೇ ಹೋಲಿಸಿ ನೋಡಬೇಕು.

ಮೂಲಪ್ರತಿಬಿಂಬವನ್ನು ಮಾತೃಪ್ರತಿಯೆಂದೂ ಅದರಿಂದ ತೆಗೆದ ಜೆಪೆಗ್ ರೂಪವನ್ನು ಉಪಪ್ರತಿಯೆಂದೂ ಎಣಿಸುವುದು ಉಚಿತ. ಜೆಪೆಗ್ ಕ್ರಮದಲ್ಲಿ ಪರಿಮಾಣ ಹತ್ತನೆಯ ಒಂದು ಭಾಗಕ್ಕೂ ಇಳಿಯಬಹುದು; ಆದರೆ ಚಿತ್ರಾಂಶ ನಷ್ಟವಾಗುತ್ತದೆ, ತಿದ್ದಿ ಪುನಃ ಉಳಿಸಿದಂತೆಲ್ಲ ನಷ್ಟ ಹೆಚ್ಚುತ್ತದೆ. ಮಾಸಿದ ಅಕ್ಷರದ ಗೀರು ಯಾವುದು, ಎಲೆಯ ನಾರು ಯಾವುದು ಎಂಬ ವಿವೇಕಕ್ಕೆ ಬೇಕಾದ ಸೂಕ್ಷ್ಮತೆ ಅದರಲ್ಲಿ ಉಳಿಯದೆ ಹೋಗಬಹುದು. ಉಪಪ್ರತಿಯನ್ನು ಮಾತೃಪ್ರತಿಯಿಂದ ಎಷ್ಟು ಸಲ ಬೇಕಾದರೂ ತಯಾರಿಸಬಹುದು. ಉಪಪ್ರತಿಯಿಂದ ಮಾತೃಪ್ರತಿಯನ್ನು ಎಂದಿಗೂ ಪಡೆಯಲಾಗದು. ಟಿಫ್ ಕಡತಗಳನ್ನು ಎಲ್‌ಜೆಡ್‌ಡಬ್ಲ್ಯು ಕ್ರಮದಲ್ಲಿ ಸಂಕೋಚಗೊಳಿಸಿದರೆ ಒಂದು ಬಿಂದುವೂ ನಷ್ಟವಾಗದೆ ಕೆಲಮಟ್ಟಿನ ಸ್ಥಳ ಉಳಿಯುವುದುಂಟು.

೮. ತೆರವುಗೊಳಿಸುವ ಅನುಕ್ರಮ

ಮೇಲ್ಕಂಡ ವಿವೇಚನೆಯಿಂದ ತೆರವುಗೊಳಿಸುವ ಅನುಕ್ರಮ ತಾನಾಗಿ ಸಿದ್ಧವಾಗುತ್ತದೆ. ಮೊದಲು ಕಸದ ಬುಟ್ಟಿ. ಅದರಲ್ಲಿರುವುದನ್ನು ಒಮ್ಮೆ ಪರಿಶೀಲಿಸಿ ಬರಿದು ಮಾಡಬೇಕು. ಅನಂತರ ಕಾರ್ಯವ್ಯವಸ್ಥೆಯೇ ತಾತ್ಕಾಲಿಕವೆಂದು ಗುರುತಿಸಿದ ಕಡತಗಳು. ಬಳಿಕ ಇಳಿಸಿಕೊಂಡು ಮರೆತ ತಂತ್ರಾಂಶಗಳು, ಚಲಚ್ಚಿತ್ರಗಳು. ಆಮೇಲೆ ಮುದ್ರಾಸಂಖ್ಯೆಯಿಂದ ಅಭಿನ್ನವೆಂದು ಸಿದ್ಧವಾದ ನಕಲುಗಳು. ಅದಾದ ಮೇಲೆ, ಮಾತೃಪ್ರತಿ ಸುರಕ್ಷಿತವಾಗಿದೆಯೆಂದು ತೆರೆದು ನೋಡಿದ ಅನಂತರ, ಉಪಪ್ರತಿಗಳು. ಮಾತೃಪ್ರತಿಗಳನ್ನು ಅಳಿಸತಕ್ಕದ್ದಲ್ಲ, ಸ್ಥಳ ಸಾಲದಿದ್ದರೆ ಹೊಸ ಡಿಸ್ಕಿಗೆ ಸಾಗಿಸಬೇಕು. ಸಾಗಿಸುವಾಗಲೂ ಮೊದಲು ನಕಲು, ಆಮೇಲೆ ಎರಡೂ ಕಡೆಯ ಮುದ್ರಾಸಂಖ್ಯೆಗಳ ತಾಳೆ, ಕೊನೆಗೆ ಹಳೆಯದರ ವಿಸರ್ಜನೆ ಎಂಬ ಕ್ರಮ ತಪ್ಪಬಾರದು. ಡಿಸ್ಕಿನಲ್ಲಿರುವ ನಕಲು ಅನಾವಶ್ಯಕವೆಂದು ತೆಗೆಯುವ ಮುನ್ನ, ಬೇರೆ ಸ್ಥಳದಲ್ಲಿ ಇನ್ನೊಂದು ಸುರಕ್ಷಾಪ್ರತಿ ಇದೆಯೇ ಎಂಬುದನ್ನೂ ವಿಚಾರಿಸಬೇಕು. ಈಚಿನ ಎಸ್‌ಎಸ್‌ಡಿ ಮಾದರಿಯ ಡಿಸ್ಕುಗಳಲ್ಲಿ ಅಳಿಸಿದ ಸ್ಥಳವನ್ನು ಡಿಸ್ಕೇ ಶೀಘ್ರವಾಗಿ ಬರಿದು ಮಾಡಿಬಿಡುವುದರಿಂದ ಕಳೆದುಹೋದ ಕಡತ ಮತ್ತೆ ದೊರಕುವ ಭರವಸೆ ಇರುವುದಿಲ್ಲ.

ಭಂಡಾರದಲ್ಲಿ ಕಟ್ಟುಗಳಿಗೆ ಸೂಚಿ ಇರುವಂತೆ ಡಿಸ್ಕಿಗೂ ಒಂದು ಸೂಚಿ ಇರುವುದು ಲೇಸು. ಕಟ್ಟಿನ ಕ್ರಮಾಂಕ, ಗರಿಗಳ ಸಂಖ್ಯೆ, ಮಾತೃಪ್ರತಿಗಳ ಒಟ್ಟು ಪರಿಮಾಣ, ಅವು ಇರುವ ಡಿಸ್ಕು, ಸುರಕ್ಷಾಪ್ರತಿ ಇರುವ ಸ್ಥಳ, ಮುದ್ರಾಸಂಖ್ಯೆಗಳ ಪಟ್ಟಿ ಇವಿಷ್ಟನ್ನು ಅದರಲ್ಲಿ ಬರೆದಿಡಬೇಕು. ಮೂರು ತಿಂಗಳಿಗೊಮ್ಮೆ ಪ್ರತಿ ಫೋಲ್ಡರಿನ ಸ್ಥಳಾಕ್ರಮಣವನ್ನು ಅಳೆದು ದಿನಾಂಕದೊಡನೆ ಇದರಲ್ಲಿ ನಮೂದಿಸಿದರೆ, ಮುಂದೆ ಡಿಸ್ಕು ತುಂಬಿದಾಗ ಇಡೀ ವೃಕ್ಷವನ್ನು ಶೋಧಿಸುವ ಶ್ರಮ ತಪ್ಪುತ್ತದೆ. ಹಿಂದಿನ ಅಂಕಿಗೂ ಇಂದಿನ ಅಂಕಿಗೂ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿಗೆ ನೇರವಾಗಿ ಹೋಗಬಹುದು.